ಹಡಗು ಹತ್ತಿದ ಚಿಕ್ಕಮುನಿಯಮ್ಮ

ನನ್ನ ಓರಗಿತ್ತಿ ಚಿಕ್ಕಮುನಿಯಮ್ಮ ಸತ್ತಳು ಅಂತ ಯಾವ ಸರ್ಕಾರಿ ಕಾಗದದಲ್ಲೂ ಬರೆದಿಲ್ಲ. ಅವಳು ಹೋದ ಮೇಲೂ ಎರಡು ಎಲೆಕ್ಷನ್‌ಗೆ ನಮ್ಮೂರು ಲಗ್ಗೆರೆಯ ಪಟ್ಟಿಯಲ್ಲಿ ಅವಳ ಹೆಸರಿತ್ತು. ಯಾರೋ ಪುಣ್ಯಾತ್ಮರು ಅವಳ ಓಟನ್ನೂ ಹಾಕಿಹೋದರು. ನಾನು ಮೂರನೇ ಕ್ಲಾಸಿನ ತನಕ ಓದಿದವಳು, ಒತ್ತಕ್ಷರ ತಪ್ಪುತ್ತದೆ. ಆದರೂ ಅವಳ ವಿಷಯ ಬರೆಯಬೇಕಾದವಳು ನಾನೇ. ನಡೆದದ್ದೆಲ್ಲ ಗೊತ್ತಿರುವವರಲ್ಲಿ ಈಗ ಉಳಿದಿರುವವಳು ನಾನೊಬ್ಬಳು.

ಅವಳನ್ನು ನಾನು ಅಕ್ಕ ಅನ್ನುತ್ತಿದ್ದೆ. ನಮ್ಮ ಯಜಮಾನರು ವೆಂಕಟೇಶಪ್ಪನವರ ಅಣ್ಣನ ಹೆಂಡತಿ. ಅವಳು ಸೊಸೆಯಾಗಿ ಬಂದಾಗ ಅವಳಿಗೆ ಹದಿನಾಲ್ಕು, ನಮ್ಮ ಯಜಮಾನರಿಗೆ ನಾಲ್ಕು ವರ್ಷ. ಅತ್ತೆ ಬೆಳಗಿನಿಂದ ಕತ್ತಲಾಗುವ ತನಕ ಹೊಲದಲ್ಲೇ ಇರುತ್ತಿದ್ದರು. ಮೂಗು ಒರೆಸಿದವಳು, ಅನ್ನ ಕಲಸಿ ತಿನ್ನಿಸಿದವಳು, ಜಾಲಹಳ್ಳಿ ಸ್ಕೂಲಿಗೆ ಕೈಹಿಡಿದು ಬಿಟ್ಟುಬಂದವಳು ಎಲ್ಲಾ ಅವಳೇ. ಅವಳ ಗಂಡ ಲಕ್ಷ್ಮಯ್ಯ ಮದುವೆಯಾದ ಆರನೇ ವರ್ಷ ಗದ್ದೆಯಲ್ಲಿ ಹಾವು ಕಚ್ಚಿ ತೀರಿಕೊಂಡರು. ಮಕ್ಕಳಿಲ್ಲ. ತವರಿಗೆ ಹೋಗು ಅಂದರೆ, ಈ ಮಗೀನ ಯಾರ್ ನೋಡ್ಕೊತಾರೆ ಅಂದಳಂತೆ.

ಮುಂದೆ ನಮ್ಮ ಹೊಲಗಳೆಲ್ಲ ಪೀಣ್ಯದ ಕೈಗಾರಿಕೆಗೆ ಹೋದವು. ಯಜಮಾನರಿಗೆ ಅಷ್ಟು ಹೊತ್ತಿಗೆ ಜಾಲಹಳ್ಳಿ ಕಡೆ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸವಾಗಿತ್ತು. ಅಕ್ಕನಿಗೆ ಸುಮ್ಮನೆ ಕೂತು ಅಭ್ಯಾಸವಿಲ್ಲ. ನಮ್ಮ ರಾಗಿ ಹೊಲ ಇದ್ದ ಜಾಗದಲ್ಲೇ ಎದ್ದಿದ್ದ ಒಂದು ಷೆಡ್ಡಿಗೆ ಕೆಲಸಕ್ಕೆ ಹೋದಳು. ಪ್ರೆಸ್ ಮಿಷನ್ನಿನಿಂದ ಬಿದ್ದ ತಗಡಿನ ಬಿಲ್ಲೆಗಳನ್ನು ಆರಿಸಿ, ಅಂಚು ಉಜ್ಜುವ ಕೆಲಸ. ಮೂಲೆಯ ಮಿಷನ್ ತೋರಿಸಿ, "ಇಲ್ಲೇ ಕಣೆ ನಮ್ಮ ಅವರೆ ಸಾಲು ಇದ್ದುದ್ದು" ಅಂತ ನಗುತ್ತಿದ್ದಳು.

ಅಲ್ಲಿ ಕೆಲಸಕ್ಕೆ ಸೇರಿದವರಿಗೆ ಇ.ಎಸ್.ಐ. ಚೀಟಿ ಕೊಡುತ್ತಿದ್ದರು, ಆಸ್ಪತ್ರೆಗೆ ತೋರಿಸುವುದಕ್ಕೆ. ಎಂಬತ್ತೊಂದರಲ್ಲಿ ಅವಳ ಕೈಗೆ ಕೀವಾಗಿ ನಾನೇ ಜೊತೆಗೆ ಹೋಗಿದ್ದೆ. ಒಂದು ಇಂಜೆಕ್ಷನ್ ಕೊಟ್ಟು ಕಾಲುಗಂಟೆಯಾಗಿಲ್ಲ, ತುಟಿ ಊದಿತು, ಗಂಟಲು ಕಟ್ಟಿತು, ಮೈಯೆಲ್ಲ ದದ್ದು. ಡಾಕ್ಟರಮ್ಮ ಓಡಿಬಂದು ಏನೇನೋ ಮಾಡಿ ಉಳಿಸಿದರು. ಆಮೇಲೆ ಅವಳ ಚೀಟಿಯ ಮೇಲೆ ಕೆಂಪು ಇಂಕಿನಲ್ಲಿ ದಪ್ಪಗೆ ಬರೆದು, ಪೆನ್ಸಿಲಿನ್ ಅನ್ನುವ ಔಷಧಿ ಇವರ ಮೈಗೆ ಹೋಗಲೇಬಾರದು, ಎಲ್ಲೇ ಹೋದರೂ ಮೊದಲು ಈ ಚೀಟಿ ತೋರಿಸಬೇಕು ಅಂತ ನಮ್ಮಿಬ್ಬರಿಗೂ ಬೈದ ಹಾಗೆ ಹೇಳಿದರು. ಅವತ್ತಿನಿಂದ ಆ ಚೀಟಿ ಅವಳ ಎಲೆಅಡಿಕೆ ಸಂಚಿಯಲ್ಲೇ ಇರುತ್ತಿತ್ತು. ಮನೆಯಲ್ಲಿ ಗಂಡಸರಿಗೆ ಇದನ್ನೆಲ್ಲ ಯಾರು ಹೇಳುತ್ತಾರೆ? ಆಸ್ಪತ್ರೆಗೆ ಹೋಗಿದ್ದೆವು, ಬಂದೆವು, ಅಷ್ಟೆ.

ಎಂಬತ್ಮೂರರಲ್ಲಿ ಯಜಮಾನರಿಗೆ ಎಲ್.ಟಿ.ಸಿ. ಬಂತು. ಕೆಲವು ವರ್ಷಕ್ಕೊಂದು ಸಲ ಮನೆಯವರನ್ನು ದೂರದ ಊರಿಗೆ ಕರೆದುಕೊಂಡು ಹೋಗಲು ಕಾರ್ಖಾನೆಯವರೇ ಖರ್ಚು ಕೊಡುತ್ತಿದ್ದರು. ಮದ್ರಾಸಿನಿಂದ ಅಂಡಮಾನಿಗೆ ಹಡಗಿನಲ್ಲಿ ಹೋಗಿಬಂದ ಆಫೀಸರೊಬ್ಬರು ಫೋಟೋ ತೋರಿಸಿದ್ದರಂತೆ. ನಾವೂ ಹಾಗೇ ಹೋಗೋಣ, ಅದೂ ಡೀಲಕ್ಸ್ ಕ್ಯಾಬಿನ್ನಿನಲ್ಲಿ, ಮೇಲಿನ ಖರ್ಚು ನಾನು ಹಾಕುತ್ತೇನೆ ಅಂತ ಇವರು ಹಟ ಹಿಡಿದರು. ಹಟ ತನಗೋಸ್ಕರ ಅಲ್ಲ. ಅತ್ತಿಗೆಗೆ ಒಂದು ಸಲ ಸಮುದ್ರ ತೋರಿಸಬೇಕು ಅಂತ.

ಆದರೆ ಕಾನೂನಿನಲ್ಲಿ ಹೆಂಡತಿ, ಮಕ್ಕಳು, ತಂದೆ ತಾಯಿಗೆ ಮಾತ್ರ. ಸಾಕಿದ ಅತ್ತಿಗೆಗೆ ಜಾಗವಿಲ್ಲ. ನಮ್ಮ ಅತ್ತೆ ಸೊಣ್ಣಮ್ಮ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಅವರ ಹೆಸರನ್ನು ಕಾರ್ಖಾನೆಯ ಪುಸ್ತಕದಿಂದ ತೆಗೆಸುವುದನ್ನು ಇವರು ಮರೆತಿದ್ದರು. ಈಗ ಅದೇ ಅನುಕೂಲವಾಯಿತು. ಸೊಣ್ಣಮ್ಮ, ವಯಸ್ಸು ಎಪ್ಪತ್ತು ಅಂತ ಟಿಕೇಟಾಯಿತು. ಅಕ್ಕನಿಗೆ ಐವತ್ತು. ತಲೆ ಪೂರಾ ನರೆತಿತ್ತು, ಮುಂದಿನ ಹಲ್ಲು ಎರಡು ಹೋಗಿದ್ದವು. ಯಾರೂ ನೋಡಿ ಅನುಮಾನ ಪಡುವ ಹಾಗಿರಲಿಲ್ಲ.

ಅವಳು ಬೇಡ ಅಂದಳು. ನಮ್ಮ ಕಡೆ ಸತ್ತವರ ಹೆಸರು ಹಿಡಿದು ಯಾರಾದರೂ ಕೂಗಿದರೆ ಓ ಅನ್ನುವುದಿಲ್ಲ. ಓ ಅಂದರೆ ಅವರ ಹಿಂದೆ ಹೋದ ಹಾಗೆ ಅಂತ ಹಿರಿಯರ ಮಾತು. ಇವರು ನಕ್ಕು, ಯಾರೂ ಕೂಗುವುದಿಲ್ಲ, ಸುಮ್ಮನೆ ಬಾ ಅತ್ತಿಗೆ ಅಂದರು. ಅವಳಿಗೂ ಒಳಗೊಳಗೇ ಆಸೆ. ಹೊಸ ಸೀರೆ ತೆಗೆದಿಟ್ಟುಕೊಂಡಳು. ಹೊರಡುವ ಮುಂಚಿನ ದಿನ ಷೆಡ್ಡಿನಲ್ಲಿ ತಗಡಿನ ಚೂರು ಕಾಲಿಗೆ ಚುಚ್ಚಿತು. ಅರಿಶಿನ ಹಚ್ಚಿ ಬಟ್ಟೆ ಕಟ್ಟಿಕೊಂಡು, ಇದಕ್ಕೆಲ್ಲಾ ನಿಂತರೆ ಆಯಿತೇ ಅಂದಳು.

ಗಂಟುಮೂಟೆ ಕಟ್ಟುವಾಗ ನಾನು ಅವಳ ಸಂಚಿ ಬಿಚ್ಚಿ ನೋಡಿದೆ. ಚೀಟಿ ಇತ್ತು. ಮೇಲೆ ಚಿಕ್ಕಮುನಿಯಮ್ಮ, ಗಂಡ ಲೇಟ್ ಲಕ್ಷ್ಮಯ್ಯ ಅಂತ ಇಷ್ಟು ದಪ್ಪಕ್ಕೆ ಬರೆದಿದೆ. ದಾರಿಯಲ್ಲಿ ಯಾರಾದರೂ ನೋಡಿದರೆ ಯಜಮಾನರ ಕೆಲಸ ಹೋಗುತ್ತದೆ. ಸುಳ್ಳು ಬರೆದು ಎಲ್.ಟಿ.ಸಿ. ತೆಗೆದುಕೊಂಡ ಇಬ್ಬರನ್ನು ಅದೇ ವರ್ಷ ಕೆಲಸದಿಂದ ತೆಗೆದಿದ್ದರು. ಚೀಟಿಯನ್ನು ಅಲಮಾರಿಯಲ್ಲಿ ಸೀರೆಗಳ ಕೆಳಗೆ ಇಟ್ಟೆ. ಅವಳಿಗೆ ಹೇಳಿದೆ. ಸರಿ ಬಿಡು ಅಂದಳು.

ರಾತ್ರಿಯೆಲ್ಲ ರೈಲಿನಲ್ಲಿ ಕೂತು ಬೆಳಿಗ್ಗೆ ಮದ್ರಾಸಿನ ಬಂದರಿಗೆ ಹೋದೆವು. ಏಣಿಯ ಬುಡದಲ್ಲಿ ಗುಮಾಸ್ತ ಪಟ್ಟಿ ಹಿಡಿದು ಒಬ್ಬೊಬ್ಬರದೇ ಹೆಸರು ಕೂಗುತ್ತಿದ್ದ. ಅಂಜನಮ್ಮ ಅಂದ, ನಾನು ಹತ್ತಿದೆ. ಹೆಣ್ಣುಮಕ್ಕಳಿಬ್ಬರೂ ಹತ್ತಿದರು. ಸೊಣ್ಣಮ್ಮ ಅಂದ. ಅಕ್ಕ ನೆಲ ನೋಡುತ್ತಾ ನಿಂತಳು. ಇನ್ನೊಂದು ಸಲ ಕೂಗಿದ. ಅಲ್ಲಾಡಲಿಲ್ಲ. ಹಿಂದಿನವರೆಲ್ಲ ಇಣುಕಿ ನೋಡಿದರು. ಯಜಮಾನರು ಬೆವೆತುಹೋಗಿ, "ಕಿವಿ ಕೇಳ್ಸಲ್ಲ ಸಾರ್, ವಯಸ್ಸಾಗಿದೆ" ಅಂತ ಅವಳ ರಟ್ಟೆ ಹಿಡಿದು ಹತ್ತಿಸಿದರು.

ಅಲ್ಲಿಂದ ಅವಳು ಕಿವುಡಿಯಾದಳು. ಕ್ಯಾಬಿನ್ನಿಗೆ ಬಂದು ಬಾಗಿಲು ಹಾಕಿದ ಮೇಲೆ ಇವರು ಅವಳ ಮುಂದೆ ಕೈಮುಗಿದರು. "ಅತ್ಗೆ, ನಿನ್ ಕಾಲಿಗ್ ಬೀಳ್ತೀನಿ. ಇನ್ ಮೂರ್ ದಿನ ಯಾರ್ ಮುಂದೇನೂ ಬಾಯ್ ಬಿಡ್ಬೇಡ. ಕಿವುಡಿ ಅಂದ್ಬುಟ್ಟಿದೀನಿ. ನನ್ನ ಕೆಲ್ಸದ ಪ್ರಶ್ನೆ."

"ಬಾಯ್ ಬುಡಾಕಿಲ್ಲ ಕಣೊ ಮರಿ," ಅಂದಳು. "ನಿನ್ನ ಅನ್ನಕ್ಕೆ ನಾನ್ ಮಣ್ಣಾಕ್ತೀನಾ?"

ಆ ಕೋಣೆಯನ್ನು ಈಗಲೂ ಕಣ್ಣುಮುಚ್ಚಿ ಬರೆಯಬಲ್ಲೆ. ನೀಲಿ ಜಮಖಾನ ಗೋಡೆಯಿಂದ ಗೋಡೆಗೆ. ಎರಡು ಮಂಚ, ಒಂದು ಉದ್ದನೆಯ ಸೋಫಾ, ಕನ್ನಡಿ, ಒಳಗೇ ಬಚ್ಚಲುಮನೆ. ನಲ್ಲಿ ತಿರುಗಿಸಿದರೆ ಬಿಸಿನೀರು. ಅಕ್ಕ ಅದನ್ನು ಎರಡು ಮೂರು ಸಲ ಬಿಟ್ಟು ನಿಲ್ಲಿಸಿ, ಇಷ್ಟು ನೀರು ಸುಮ್ಮನೆ ಹೋದರೆ ಒಂದು ಮಡಿ ಸೊಪ್ಪು ಬೆಳೆಯಬಹುದಿತ್ತು ಅಂತ ಹೊಟ್ಟೆ ಉರಿಸಿಕೊಂಡಳು. ಮಂಚದ ಮೇಲೆ ಬಿಗಿಯಾಗಿ ಹಾಸಿದ್ದ ಬಿಳಿ ಬಟ್ಟೆ ನೋಡಿ, "ಇದ್ರಮ್ಯಾಕೆ ಮನಿಕ್ಕಂಡ್ರೆ ಎಣ ಅನ್ಕಂಡು ಎತ್ಕಂಡ್ ಓದಾರು" ಅಂದಳು. ನನ್ನ ಮಕ್ಕಳು ಬಿದ್ದು ಬಿದ್ದು ನಕ್ಕರು.

ಹಡಗು ಹೊರಟಿತು. ಇವರು ಮಕ್ಕಳನ್ನು ಕರೆದುಕೊಂಡು ಮೇಲೆ ಹೋದವರು ಐದೇ ನಿಮಿಷಕ್ಕೆ ಮುಖ ಬೆಳ್ಳಗೆ ಮಾಡಿಕೊಂಡು ಬಂದರು. ಇವರ ಕಾರ್ಖಾನೆಯಲ್ಲೇ ಹಾಜರಿ ಬರೆಯುವ ಹನುಮಂತರಾಯಪ್ಪ ಹೆಂಡತಿ ಭದ್ರಮ್ಮನನ್ನು ಕರೆದುಕೊಂಡು ಅದೇ ಹಡಗು ಹತ್ತಿದ್ದರು, ಕೆಳಗಿನ ಕಡಿಮೆ ದರದ ಬಂಕ್ ಕ್ಲಾಸಿನಲ್ಲಿ. ಇಬ್ಬರೂ ನಮ್ಮ ಮನೆಗೆ ಬಂದು ಸೊಣ್ಣಮ್ಮನ ತಿಥಿ ಊಟ ಮಾಡಿಹೋದವರು.

ಅಕ್ಕ ಕೇಳಿದಳು. "ನನ್ ತಿಥಿ ಉಂಡೋರು ನನ್ ಜೊತೇಲೇ ಹಡಗ್ ಅತ್ತವ್ರೆ ಅನ್ನು" ಅಂದಳು. ಯಾರೂ ನಗಲಿಲ್ಲ.

ಅವಳನ್ನು ಆಚೆಗೆ ಕರೆಯುವ ಹಾಗಿಲ್ಲ ಅಂತ ಆಯಿತು. ಕಿಟಕಿಯ ಆಚೆ ಜನ ಓಡಾಡುತ್ತಿದ್ದರು, ಆ ಗಂಡಹೆಂಡಿರೂ ಅಲ್ಲೇ ಬರಬಹುದು. ಪರದೆ ಎಳೆದೆವು. ಸಮುದ್ರ ನೋಡಲು ಬಂದವಳು ಲೈಟು ಹಾಕಿಕೊಂಡು ಮಂಚದ ತುದಿಯಲ್ಲಿ ಕೂತಳು. ನಾವು ಊಟದ ಹಾಲ್‌ನಿಂದ ತಂದ ಅನ್ನ ಮುಟ್ಟಲಿಲ್ಲ. ಮಧ್ಯಾಹ್ನ ಮೈ ಮುಟ್ಟಿದರೆ ಸುಡುತ್ತಿದೆ. ಕಾಲಿನ ಬಟ್ಟೆ ಬಿಚ್ಚಿದೆ. ಪಾದ ಊದಿ ಕೆಂಪಗಾಗಿ ಗೆರೆ ಮೊಣಕಾಲಿಗೆ ಏರಿತ್ತು.

ಡಾಕ್ಟರನ್ನು ಕರೆಯೋಣ ಅಂದೆ. ಇವರು ಕೂತರು, ಎದ್ದರು. ಕರೆದರೆ ಹೆಸರು ಬರೆದುಕೊಳ್ಳುತ್ತಾರೆ. ಸೊಣ್ಣಮ್ಮ ಅಂತ ಹಡಗಿನಲ್ಲಿ ಮಾತಾದರೆ ಹನುಮಂತರಾಯಪ್ಪನ ಕಿವಿಗೆ ಬೀಳುತ್ತದೆ. ಸಂಜೆವರೆಗೆ ನೋಡೋಣ ಅಂದರು. ನಾಲ್ಕು ಗಂಟೆಗೆ ಅವಳು ನಡುಗುವುದಕ್ಕೆ ಶುರುಮಾಡಿದಳು. ಆಗ ಇವರೇ ತಡೆಯಲಾರದೆ ಎದ್ದರು. ನನ್ನನ್ನು ಕರೆದು, ನೀನು ಹೋಗಿ ಭದ್ರಮ್ಮನನ್ನು ಮಾತಿಗೆ ಹಿಡಿದು ನಿಲ್ಲಿಸು, ಅವಳ ಗಂಡನೂ ಅಲ್ಲೇ ನಿಂತಿರುತ್ತಾನೆ, ಅಷ್ಟರಲ್ಲಿ ನಾನು ಡಾಕ್ಟರನ್ನು ಕರೆದುತರುತ್ತೇನೆ ಅಂದರು.

ನಾನು ಹೋದೆ. ಭದ್ರಮ್ಮ ಕಂಬಿ ಹಿಡಿದು ನಿಂತಿದ್ದರು. "ಏನ್ ಅಂಜನಮ್ಮೋರೆ, ಡೀಲಕ್ಸ್‌ನೋರು ಬಂಕಿನೋರ್ನ ಮಾತಾಡುಸ್ತೀರಾ? ಕರ್ಕೊಂಡೋಗಿ ತೋರ್ಸಿ ನಿಮ್ಮ ಅರಮನೇನ," ಅಂದರು.

ಮಕ್ಕಳು ಮಲಗಿದ್ದಾರೆ ಅಂದೆ. ಮಕ್ಕಳು ನನ್ನ ಪಕ್ಕದಲ್ಲೇ ನಿಂತಿದ್ದರು. ಚಿಕ್ಕವಳು ಮಲಗಿದ್ದಾಳೆ ಅಂತ ಬದಲಾಯಿಸಿದೆ. ಆಯಮ್ಮ ಚಿಕ್ಕವಳನ್ನೇ ನೋಡಿದರು. ಕೊನೆಗೆ ಯಾರೋ ವಾಂತಿ ಮಾಡಿದ್ದಾರೆ, ಕೋಣೆ ನಾರುತ್ತಿದೆ ಅಂದೆ. ಆಮೇಲೆ ಮಾತಿಗೆ ಮಾತು ಹೊಸೆದೆ. ಸೀರೆ, ಸಾರಿನ ಪುಡಿ, ಅವರ ನಾದಿನಿಯ ಮದುವೆ. ಒಂದು ಗಂಟೆ ಹೊತ್ತು ಒಮ್ಮೆಯೂ ಆ ಇಂಜೆಕ್ಷನ್ ನನ್ನ ತಲೆಗೆ ಬರಲಿಲ್ಲ. ಬಂದದ್ದು ಯಾವಾಗ ಅಂದರೆ, ಭದ್ರಮ್ಮ ತನ್ನ ನಾದಿನಿ ಹೆರಿಗೆಗೆ ಆಸ್ಪತ್ರೆಗೆ ಸೇರಿದ ಕತೆ ಹೇಳುತ್ತಾ, ಸೂಜಿ ಚುಚ್ಚಿದರು ಅಂದಾಗ. ಅವರ ಮಾತನ್ನು ಅಲ್ಲೇ ಬಿಟ್ಟು ಓಡಿದೆ. ಆ ಹಡಗಿನ ದಾರಿಗಳೆಲ್ಲ ಒಂದೇ ಥರ, ಬಾಗಿಲುಗಳೆಲ್ಲ ಒಂದೇ ಥರ. ಎರಡು ಬಾಗಿಲು ತಪ್ಪಿ ತಟ್ಟಿದೆ.

ನಮ್ಮ ಬಾಗಿಲು ತೆರೆದೇ ಇತ್ತು. ಡಾಕ್ಟರು ಮಂಚದ ಮೇಲೆ ಮಂಡಿಯೂರಿ ಅವಳ ಎದೆ ಒತ್ತುತ್ತಿದ್ದರು. ಇನ್ನೊಬ್ಬ ಸೂಜಿ ಹಿಡಿದು ನಿಂತಿದ್ದ. ಅಕ್ಕನ ತುಟಿ ಊದಿತ್ತು. ಕುತ್ತಿಗೆಯಿಂದ ಎದೆಯವರೆಗೂ ದದ್ದು. ಆ ದದ್ದು ನಾನು ಒಂದು ಸಲ ನೋಡಿದ್ದೆ. ಸ್ವಲ್ಪ ಹೊತ್ತಿಗೆ ಡಾಕ್ಟರು ಕೆಳಗಿಳಿದು, ಆ ಬಿಳಿ ಬಟ್ಟೆಯನ್ನೇ ಅವಳ ಮುಖದ ಮೇಲೆ ಎಳೆದರು.

ಇವರು ಸೋಫಾದ ಮೇಲೆ ಕುಸಿದರು. ಮಗುವಿನ ಥರ ನನ್ನ ಸೆರಗು ಹಿಡಿದು ಹೇಳಿದರು. ಡಾಕ್ಟರು ತಮಿಳಿನಲ್ಲಿ ಕೇಳಿದರಂತೆ, ಮುಂಚೆ ಯಾವುದಾದರೂ ಇಂಜೆಕ್ಷನ್ ಒಗ್ಗದೆ ತೊಂದರೆಯಾಗಿತ್ತಾ ಅಂತ. ಇಲ್ಲ ಅಂದರಂತೆ ಇವರು. ಹಳೇ ಚೀಟಿ ಏನಾದರೂ ಇದೆಯಾ ಅಂದದ್ದಕ್ಕೂ ಇಲ್ಲ ಅಂದರಂತೆ.

"ಸೂಜಿ ನೋಡಿ ಕೈ ಆಡ್ಸುದ್ಲು ಕಣೆ. ಗಂಟ್ಲು ಮುಟ್ಕೊಂಡು ಮುಟ್ಕೊಂಡು ತೋರ್ಸುದ್ಲು. ಎದ್ರುಕೊಂಡವ್ಳೆ ಅಂತ ನಾನೇ ಕೈ ಇಡ್ಕೊಂಡೆ. ಬಾಯ್ ಮಾತ್ರ ಬಿಡ್ಲಿಲ್ಲ."

ಡಾಕ್ಟರು ಪುಸ್ತಕ ತೆಗೆದರು. ವಯಸ್ಸಾದ ಮನುಷ್ಯ. ಹೆಸರು ಕೇಳಿದರು. ಇವರು ಸೊಣ್ಣಮ್ಮ ಅಂದರು. ವಯಸ್ಸು, ಎಪ್ಪತ್ತು. ಆಮೇಲೆ ಡಾಕ್ಟರು ನನ್ನ ಕಡೆ ತಿರುಗಿದರು. ಅರ್ಧ ತಮಿಳು ಅರ್ಧ ಕನ್ನಡದಲ್ಲಿ ನಿಧಾನವಾಗಿ ಕೇಳಿದರು. ನೀವು ಸೊಸೆ ಅಲ್ಲವಾ ಅಮ್ಮಾ, ಮನೆಯಲ್ಲಿ ಹೆಂಗಸರಿಗೆ ಗೊತ್ತಿರುತ್ತದೆ. ಇವರಿಗೆ ಮುಂಚೆ ಯಾವತ್ತಾದರೂ ಇಂಜೆಕ್ಷನ್ ಕೊಟ್ಟಾಗ ಹೀಗಾಗಿತ್ತಾ?

ಇವರು ನನ್ನ ಮುಖವನ್ನೇ ನೋಡುತ್ತಿದ್ದರು. ಅವಳ ಕೈ ಹಿಡಿದಿದ್ದ ಕೈ ಇನ್ನೂ ನನ್ನ ಸೆರಗಿನಲ್ಲೇ ಇತ್ತು.

"ಇಲ್ಲ ಸಾರ್" ಅಂದೆ.

ಗಂಡನ ಮುಖ ನೋಡಿ ಹಾಗೆ ಅಂದೆ ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳಲ್ಲ. ಆದರೆ ಸೀರೆಗಳ ಕೆಳಗೆ ಚೀಟಿ ಇಟ್ಟವಳು ನಾನು, ಅದೂ ಇತ್ತು. ಇವರು ಬದುಕಿದ್ದ ಇನ್ನು ಹದಿನಾರು ವರ್ಷ, ಅತ್ತಿಗೆಗೆ ಆಯುಸ್ಸು ಅಷ್ಟೇ ಇತ್ತು ಅಂತಲೇ ನಂಬಿದ್ದರು. ನಾನು ಆ ಚೀಟಿಯ ಮಾತು ಎತ್ತಲಿಲ್ಲ.

ಡಾಕ್ಟರು ಬರೆದುಕೊಂಡರು. ನಾಲ್ಕು ಜನ ಬಂದು ಅವಳನ್ನು ಕೆಳಗೆ ಎಲ್ಲೋ ಥಂಡಿ ಕೋಣೆಗೆ ಎತ್ತಿಕೊಂಡು ಹೋದರು. ದಡ ಮುಟ್ಟಿದ ಮೇಲೆ ಸುಡಬಹುದು ಅಂದರು. ಏಳು ಗಂಟೆಗೆ ಊಟದ ಗಂಟೆ ಹೊಡೆಯಿತು. ಮಕ್ಕಳು ಹಸಿವು ಅಂದವು. ಕೈಹಿಡಿದು ಹಾಲ್‌ಗೆ ಕರೆದುಕೊಂಡು ಹೋದೆ. ಡೀಲಕ್ಸಿನವರಿಗೆ ಬೇರೆ ಮೇಜು, ಗಾಜಿನ ಲೋಟ, ಮಡಿಸಿಟ್ಟ ಬಟ್ಟೆ. ಮಕ್ಕಳಿಗೆ ಕಲಸಿ ಕೊಟ್ಟೆ. ನನಗೂ ಬಡಿಸಿದರು. ನಾನೂ ಹೊಟ್ಟೆತುಂಬಾ ಉಂಡೆ.