ಗುರುಬಸಪ್ಪನವರ ಗಿರಣಿ ಕಾಯಕ

ಬಸವೇಶ್ವರನಗರದ ಶರಣ ಮಂದಿರದಲ್ಲಿ ಪ್ರತಿ ಶ್ರಾವಣವೂ ತಿಂಗಳ ಪರ್ಯಂತ ಪ್ರವಚನ ನಡೆಸುತ್ತಿದ್ದ ರಾಣೆಬೆನ್ನೂರು ಕಡೆಯ ಗುರುಬಸಪ್ಪನವರಿಗೆ ತಮ್ಮ ಕೈಗಳ ವಿಷಯದಲ್ಲಿ ಯಾವ ಭ್ರಮೆಯೂ ಇರಲಿಲ್ಲ. ಹಗಲು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತಿಕೆ, ಸಂಜೆ ಮೈಕಿನ ಮುಂದೆ ಕಾಯಕದ ಮಹಿಮೆ. “ಶಿವ ನನ್ನ ನಾಲಿಗೆ ಮಾಡುವಾಗ ಕೈಗೆ ಇಟ್ಟಿದ್ದ ಸಾಮಗ್ರಿಯನ್ನೂ ಅದಕ್ಕೇ ಹಾಕಿಬಿಟ್ಟ” ಎಂದು ತಾವೇ ಹೇಳಿ ತಾವೇ ನಗುತ್ತಿದ್ದರು. ಮನೆಯ ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಹೆಂಡತಿ ಶಾಂತವ್ವನೇ ಸ್ಟೂಲು ಹತ್ತಬೇಕು. ಇವರು ಕೆಳಗೆ ಸ್ಟೂಲು ಹಿಡಿದು ನಿಂತು, ಬಡಗಿ ಕಾಯಕದ ಶರಣರೊಬ್ಬರ ಕಥೆಯನ್ನು ಸಾಂಗವಾಗಿ ಹೇಳುವರು.

ಆದರೂ ಆ ನಾಲಿಗೆ ಆಡುತ್ತಿದ್ದ ಮಾತು ಸುಳ್ಳಲ್ಲ. ಬಡಾವಣೆ ಯಾರ ಹೆಸರನ್ನು ಹೊತ್ತಿದೆಯೋ ಆ ಅಣ್ಣನವರು ಎಂಟು ನೂರು ವರ್ಷಗಳ ಹಿಂದೆ ಕಲ್ಯಾಣದ ಭಂಡಾರ ನೋಡಿಕೊಂಡಿದ್ದವರು. ಸಂಪತ್ತು ಎಲ್ಲಿ ಹುಟ್ಟುತ್ತದೆ, ಎಲ್ಲಿ ಕೊಳೆಯುತ್ತದೆ ಎಂಬುದನ್ನು ಕಣ್ಣಾರೆ ಕಂಡವರು. ಅದು ದುಡಿಯುವ ಕೈಯಲ್ಲಿ ಹುಟ್ಟುತ್ತದೆ, ಕೂಡಿಟ್ಟ ಪೆಟ್ಟಿಗೆಯಲ್ಲಿ ಕೊಳೆಯುತ್ತದೆ. ಆದ್ದರಿಂದ ಪ್ರತಿಯೊಬ್ಬನೂ ದುಡಿಯಬೇಕು, ತನ್ನ ಅಗತ್ಯಕ್ಕೆ ಮೀರಿದ್ದನ್ನು ದಾಸೋಹಕ್ಕೆ ಸಲ್ಲಿಸಬೇಕು. ದುಡಿಮೆಯಲ್ಲಿ ಮೇಲಿಲ್ಲ, ಕೀಳಿಲ್ಲ, ಪೂಜೆಯ ಹೊತ್ತಾದರೂ ಹಿಡಿದ ಕೆಲಸ ಬಿಡುವಂತಿಲ್ಲ. ಇಷ್ಟನ್ನು ಹೇಳುವಾಗ ಗುರುಬಸಪ್ಪನವರ ದನಿ ನಿಜವಾಗಿಯೂ ಏರುತ್ತಿತ್ತು. ಕೇಳುವವರ ಕಣ್ಣು ಮಾತ್ರ ಒಣಗಿಯೇ ಇರುತ್ತಿತ್ತು. ಕೆಲವರದು ಮುಚ್ಚಿಯೂ ಇರುತ್ತಿತ್ತು.

ಎಂಬತ್ತಾರನೆಯ ಇಸವಿಯ ಶ್ರಾವಣದಲ್ಲಿ ಈ ದನಿ ಸ್ವಲ್ಪ ಹೆಚ್ಚೇ ಏರಿತು. ಪ್ರತಿ ವರ್ಷ ಪ್ರವಚನ ಮುಗಿಯುವ ಮಂಗಲದ ದಿನ ವೇದಿಕೆಯ ಮೇಲೆ ಕೂರಿಸಿ ಶಾಲು ಹೊದಿಸುತ್ತಿದ್ದುದು ಮಂದಿರದ ಅಧ್ಯಕ್ಷರೂ ರಾಜಾಜಿನಗರದ ಕಬ್ಬಿಣದ ವ್ಯಾಪಾರಿಯೂ ಆದ ಗಂಗಾಧರಯ್ಯನವರಿಗೆ. ಮಂಗಲಕ್ಕೆ ಇನ್ನೂ ಕೆಲವು ದಿನವಿರುವಾಗ ಒಂದು ಸಂಜೆ ಮಾತಿನ ಆವೇಶದಲ್ಲಿ ಗುರುಬಸಪ್ಪನವರು, “ಈ ಸಲ ಶಾಲು, ದೇಣಿಗೆ ಕೊಟ್ಟ ಕೈಗಲ್ಲ, ದುಡಿದ ಕೈಗೆ” ಎಂದು ಘೋಷಿಸಿಬಿಟ್ಟರು. ಜೋರು ಚಪ್ಪಾಳೆ ಬಿತ್ತು. ಚಪ್ಪಾಳೆ ನಿಂತ ಮೇಲೆ ಗಂಗಾಧರಯ್ಯನವರು ಅವರನ್ನು ಕಂಬದ ಮರೆಗೆ ಕರೆದರು.

“ಒಳ್ಳೆ ವಿಚಾರ ಗುರುಬಸಪ್ಪನವ್ರೇ. ಕರ್ಕೊಂಡ್ ಬನ್ನಿ. ಆದ್ರೆ ಜನ ಎಲ್ಲಾ ಸೇರಿರೋವಾಗ ಕುರ್ಚಿ ಖಾಲಿ ಇರಬಾರ್ದು. ಖಾಲಿ ಇತ್ತು ಅಂದ್ರೆ ಮುಂದಿನ ಶ್ರಾವಣಕ್ಕೆ ದಾವಣಗೆರೆಯಿಂದ ಬೇರೆಯವ್ರನ್ನ ಕರೆಸ್ತೀವಿ. ಬೇಜಾರು ಮಾಡ್ಕೋಬೇಡಿ.”

ಗುರುಬಸಪ್ಪನವರು ಆಗಲಿ ಎಂದು ತಲೆಯಾಡಿಸಿದರು. ಆ ಒಂದು ತಿಂಗಳ ಪ್ರವಚನ ತಪ್ಪಿದರೆ ಉಳಿದ ಹನ್ನೊಂದು ತಿಂಗಳು ತಾವು ಬರಿಯ ಗುಮಾಸ್ತ ಎಂಬುದು ಅವರಿಗೆ ಗೊತ್ತಿತ್ತು. ಅಹಂಕಾರವನ್ನು ತ್ಯಜಿಸಿರೆಂದು ಬೋಧಿಸುವ ನಾವೆಲ್ಲ ಆ ಬೋಧನೆಯ ಪೀಠವನ್ನು ಎಷ್ಟು ಬಿಗಿಯಾಗಿ ಹಿಡಿದುಕೊಂಡಿರುತ್ತೇವೆ, ಶಿವನೇ ಬಲ್ಲ.

ದುಡಿಯುವವರಿಗೇನು ಬರವೇ ಎಂದುಕೊಂಡು ಹೊರಟವರಿಗೆ ಬರದ ಅರ್ಥ ತಿಳಿಯತೊಡಗಿತು. ಮಂದಿರದ ಬಾಗಿಲಲ್ಲಿ ಹೂ ಮಾರುವ ನರಸಮ್ಮ, “ಒಳಗೆ ನನ್ನ ಕೂರಿಸ್ಬುಟ್ರೆ ಹೊರಗೆ ಹೂವ ಯಾರು ಕಟ್ತಾರೆ ಸಾಮಿ, ಸಭೆ ದಿನಾನೇ ಅಲ್ವಾ ಯಾಪಾರ” ಎಂದಳು. ಚಪ್ಪಲಿ ಹೊಲಿಯುವವನು ತಲೆಯನ್ನೇ ಎತ್ತಲಿಲ್ಲ. ಕಾಯಕಕ್ಕೆ ಸನ್ಮಾನ ಮಾಡಿಸಿಕೊಳ್ಳಲು ಬಿಡುವಿದ್ದವರೆಂದರೆ ಊರಿನಲ್ಲಿ ಕಾಯಕವಿಲ್ಲದವರು ಮಾತ್ರ. ಅಂಥವರಲ್ಲಿ ಇಬ್ಬರು ತಾವಾಗಿಯೇ ಬಂದು ವಿಚಾರಿಸಿಯೂ ಹೋದರು.

ಕೊನೆಗೆ ಉಳಿದವನು ಕುರುಬರಹಳ್ಳಿಯ ಹಿಟ್ಟಿನ ಗಿರಣಿಯ ಮುನಿಯಣ್ಣ. ಮಂಗಲದ ದಿನವಾದ ಭಾನುವಾರ ಬೆಳಿಗ್ಗೆ ಗುರುಬಸಪ್ಪನವರು ಅಲ್ಲಿಗೆ ಹೋದರು. ಹಿಂದಿನ ದಿನವೆಲ್ಲ ಕರೆಂಟು ಹೋಗಿದ್ದರಿಂದ ಗಿರಣಿಯ ಬಾಗಿಲಿನವರೆಗೆ ಡಬ್ಬಗಳ ಸಾಲು ನಿಂತಿತ್ತು. ಆ ಸಾಲಿನಲ್ಲಿ ಮಂದಿರದ ದಾಸೋಹದ ಜೋಳದ ಮೂಟೆಯೂ ಇತ್ತು.

“ಒಂದು ಗಂಟೆ ಬಂದು ಕೂತ್ರೆ ಸಾಕು ಮುನಿಯಣ್ಣ” ಎಂದು ಗುರುಬಸಪ್ಪನವರು ಕೈ ಮುಗಿದರು.

“ನಾನು ಅಲ್ಲಿ ಕೂತ್ರೆ ನಿಮ್ಮ ರೊಟ್ಟಿಗೆ ಹಿಟ್ಟು ಯಾರು ಬೀಸ್ತಾರೆ ಸಾರ್? ಮಧ್ಯಾಹ್ನ ಮತ್ತೆ ಕರೆಂಟ್ ತೆಗೀತಾರೆ.” ಮುನಿಯಣ್ಣ ರೆಪ್ಪೆಯ ಮೇಲಿನ ಹಿಟ್ಟನ್ನು ಒರೆಸಿಕೊಂಡು ನಕ್ಕ. “ಒಂದು ಕೆಲಸ ಮಾಡಿ. ನನ್ನ ಜಾಗದಲ್ಲಿ ನೀವು ನಿಂತ್ಕೊಳ್ಳಿ, ನಿಮ್ಮ ಜಾಗಕ್ಕೆ ನಾನು ಹೋಗ್ತೀನಿ. ದಿನಾ ಹೇಳ್ತೀರಂತಲ್ಲ, ಎಲ್ಲಾ ಕೆಲಸಾನೂ ಒಂದೇ ಅಂತ.”

ತಮಾಷೆಗೆ ಆಡಿದ ಮಾತು. ಆದರೆ ಗುರುಬಸಪ್ಪನವರಿಗೆ ಅದು ದೈವವಾಣಿಯಂತೆ ಕೇಳಿತು. ಮಂಗಲದ ಮಾತು ತಪ್ಪಿದರೆ ತಪ್ಪಲಿ, ಕುರ್ಚಿ ತುಂಬಿದರೆ ಪೀಠ ಉಳಿಯುತ್ತದೆ. ಜುಬ್ಬದ ತೋಳು ಮಡಿಸಿ ನಿಂತೇಬಿಟ್ಟರು. ಮುನಿಯಣ್ಣ ಗುಂಡಿ ಒತ್ತುವುದು, ಧಾನ್ಯ ಸುರಿಯುವುದು, ಹಿಟ್ಟು ಹಿಡಿಯುವುದು ಎಲ್ಲವನ್ನೂ ತೋರಿಸಿಕೊಟ್ಟ. ಹೊರಡುವಾಗ, “ಆ ಕೆಂಪು ಮುಚ್ಚಳದ ಡಬ್ಬ ಮಾತ್ರ ಸಂಜೆಗೆ. ಈಗ ಮುಟ್ಟಬೇಡಿ” ಎಂದು ಹೇಳಿ ಹೋದ. ಯಾಕೆಂದು ಹೇಳಲಿಲ್ಲ. ಕುರುಬರಹಳ್ಳಿಯಲ್ಲಿ ಅದನ್ನು ಯಾರಿಗೂ ಹೇಳಬೇಕಾದ ಪ್ರಮೇಯವೇ ಬಂದಿರಲಿಲ್ಲ.

ಮೊದಲ ಎರಡು ಡಬ್ಬಗಳ ರಾಗಿ ಸುಸೂತ್ರವಾಗಿ ಹಿಟ್ಟಾಯಿತು. ಬೆಚ್ಚಗಿನ ಹಿಟ್ಟು ಅಂಗೈಗೆ ಬಿದ್ದಾಗ ಗುರುಬಸಪ್ಪನವರ ಕಣ್ಣು ತುಂಬಿ ಬಂದಿತು. ಇಷ್ಟು ವರ್ಷ ಬಾಯಲ್ಲಿದ್ದದ್ದು ಇಂದು ಕೈಗೆ ಬಂತಲ್ಲ ತಂದೆ ಎಂದುಕೊಂಡರು. ಅಷ್ಟರಲ್ಲಿ ಕೆಂಪು ಮುಚ್ಚಳದ ಡಬ್ಬದ ಒಡತಿ ಬೋರಮ್ಮ ಬಂದಳು.

“ನಂದು ಆಯ್ತಾ?”

“ನಿಮ್ಮದು ಸಂಜೆಗೆ ಅಂತ ಹೇಳಿದ್ದಾನಮ್ಮ.”

“ಅದೇನು ಯಾವಾಗ್ಲೂ ನಂದೇ ಕಡೇಗೆ? ಕೋಳಿ ಕೂಗೋ ಹೊತ್ಗೆ ತಂದು ಇಟ್ಟಿವ್ನಿ. ಅವ್ರ ರಾಗಿ ಏನು ದೊಡ್ಡೋರ ಮಗಳಾ, ನಂದೇನು ಕೂಲಿಯೋಳಾ?”

ಬೇರೆ ಯಾರಾದರೂ ನಕ್ಕು ಸುಮ್ಮನಾಗುತ್ತಿದ್ದರು. ಗುರುಬಸಪ್ಪನವರಿಗೆ ಕಲ್ಯಾಣ ನೆನಪಾಯಿತು. ಮೇಲು ಕೀಳು ಅಳಿಸಲು ಅಣ್ಣನವರು ರಾಜನನ್ನೇ ಎದುರಿಸಿದರು. ತಾವು ಒಂದು ಡಬ್ಬಕ್ಕೆ ನ್ಯಾಯ ಕೊಡಲಾರೆವೆ? “ಇಲ್ಲಿ ಹಿಂದು ಮುಂದು ಇಲ್ಲ ತಾಯಿ. ಮೊದಲು ಬಂದವರದು ಮೊದಲು” ಎಂದು ಡಬ್ಬವನ್ನು ಎತ್ತಿ ಯಂತ್ರದ ಬಾಯಿಗೆ ಸುರಿದರು. ಅದರಲ್ಲಿದ್ದದ್ದು ಒಣಮೆಣಸಿನಕಾಯಿ. ಇಬ್ಬರೂ ಸೀನಿದರು. ಬೋರಮ್ಮ ಸಂತೋಷದಿಂದ ಸೀನುತ್ತ ಮನೆಗೆ ಹೋದಳು. ಗುರುಬಸಪ್ಪನವರು ಸಮಾನತೆಯ ಹಾದಿ ಸುಲಭವಲ್ಲವೆಂದು ಮೂಗು ಒರೆಸಿಕೊಂಡು, ಮುಂದಿನ ಸರದಿಯ ದಾಸೋಹದ ಜೋಳವನ್ನು ಅದೇ ಬಾಯಿಗೆ ಸುರಿದರು. ಮಂದಿರದವರು ಬಂದು ಹಿಟ್ಟು ಹೊತ್ತುಕೊಂಡು ಹೋದರು. ಮಂದಿರದ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವ ಜಗದಾಂಬಾ, “ಹಿಟ್ಟು ಕೆಂಪಗದೆಯಲ್ಲ” ಎಂದರಂತೆ. ಕೆಂಜೋಳವಿರಬೇಕೆಂದು ಯಾರೋ ಸಮಾಧಾನ ಹೇಳಿದರಂತೆ.

ಮುನಿಯಣ್ಣ ಶಾಲು ಹೊದ್ದುಕೊಂಡೇ ಮರಳಿದ. ವೇದಿಕೆಯ ಮೇಲೆ ಎರಡು ಮಾತಾಡಿ ಎಂದಾಗ ಅವನು, “ಕರೆಂಟ್ ಇದೆ, ಹೊರಡ್ತೀನಿ” ಎಂದಷ್ಟೇ ಹೇಳಿದನೆಂದೂ, ಗುರುಬಸಪ್ಪನವರ ಯಾವ ಮಂಗಲಕ್ಕೂ ಬೀಳದಷ್ಟು ಚಪ್ಪಾಳೆ ಅದಕ್ಕೆ ಬಿತ್ತೆಂದೂ ಆಮೇಲೆ ತಿಳಿಯಿತು. ಗಿರಣಿಯ ಹೊಸ್ತಿಲಲ್ಲಿ ಅವನ ಮೂಗು ಅರಳಿತು.

“ಸಾರ್, ಕೆಂಪು ಮುಚ್ಚಳದ್ದು?”

“ಸರದಿಯಲ್ಲಿ ಮುಂದಿತ್ತು. ಬೀಸಿ ಕೊಟ್ಟೆ.”

“ಅದಾದ್ಮೇಲೆ?”

“ನಮ್ಮ ಜೋಳ.”

ಮುನಿಯಣ್ಣ ಶಾಲನ್ನು ಮೆಲ್ಲಗೆ ತೆಗೆದು ಮಡಚಿಟ್ಟ. “ಮನುಷ್ಯರು ಎಲ್ಲಾ ಒಂದೇ ಸಾರ್, ಒಪ್ಕೋತೀನಿ. ಮೆಣಸಿನಕಾಯಿ ಮಾತ್ರ ಯಾವತ್ತೂ ಕಡೇಗೆ. ನಡೀರಿ, ಓಡೋಣ.”

ಓಡಿದರು. ತಡವಾಗಿತ್ತು. ಪಂಕ್ತಿ ಕೂತಾಗಿತ್ತು, ರೊಟ್ಟಿ ಬಡಿಸಿಯಾಗಿತ್ತು. ಪ್ರಸಾದವನ್ನು ತಟ್ಟೆಯಲ್ಲಿ ಚೂರೂ ಬಿಡಬಾರದು, ತಟ್ಟೆ ತೊಳೆದ ನೀರನ್ನೂ ಕುಡಿಯಬೇಕು ಎಂದು ತಿಂಗಳಿಡೀ ಬೋಧಿಸಿದವರು ಬೇರೆ ಯಾರೂ ಅಲ್ಲ. ಭಕ್ತರು ಆ ಬೋಧನೆಯನ್ನು ಅಕ್ಷರಶಃ ಪಾಲಿಸುತ್ತಿದ್ದರು. ಸಾಲು ಸಾಲಾಗಿ ಕೂತು, ಮೂಗು ಒರೆಸಿಕೊಳ್ಳುತ್ತ, ಧಾರಾಕಾರವಾಗಿ ಕಣ್ಣೀರು ಸುರಿಸುತ್ತ, ತುಂಡೂ ಬಿಡದೆ ಉಣ್ಣುತ್ತಿದ್ದರು. ಮೊದಲ ಪಂಕ್ತಿಯಲ್ಲಿದ್ದ ಗಂಗಾಧರಯ್ಯನವರ ಮುಖ ಅವರ ಅಂಗಡಿಯ ಕಾದ ಕಬ್ಬಿಣದಂತಾಗಿತ್ತು.

ಗುರುಬಸಪ್ಪನವರು ಅವರ ಮುಂದೆ ನಿಂತು ಎಲ್ಲವನ್ನೂ ಒಪ್ಪಿಸಿದರು. ಗಂಗಾಧರಯ್ಯನವರು ಉತ್ತರೀಯದಿಂದ ಕಣ್ಣೊರೆಸಿಕೊಂಡು ಒಂದು ಚೊಂಬು ನೀರು ಕುಡಿದರು.

“ಕುರ್ಚಿ ತುಂಬಿಸಿದ್ರಿ” ಎಂದರು ಕೊನೆಗೆ. “ಮುಂದಿನ ಶ್ರಾವಣಕ್ಕೂ ನೀವೇ ಬನ್ನಿ. ಬಾಯಲ್ಲಿ ಹೇಳೋದಕ್ಕೆ ಮಾತ್ರ ಬನ್ನಿ.”

“ಹೂಂ ಸಾರ್” ಎಂದು ಮುನಿಯಣ್ಣ ದನಿಗೂಡಿಸಿದ. “ಮಾತೇ ನಿಮ್ಮ ಕಾಯಕ. ಅದರಿಂದ ಯಾರಿಗೂ ಏನೂ ಆಗಲ್ಲ.”

ಗುರುಬಸಪ್ಪನವರಿಗೆ ಅದು ಹೊಗಳಿಕೆಯೋ ಅಲ್ಲವೋ ತಿಳಿಯಲಿಲ್ಲ. ಆದರೆ ಮನಸ್ಸು ಹಗುರಾಗಿ, ತಾವೂ ಕಡೆಯ ಪಂಕ್ತಿಯ ಕಡೆಯ ತಟ್ಟೆಗೆ ಹೋಗಿ ಕೂತರು. ಬಡಿಸಲು ಬಂದ ಶಾಂತವ್ವ ಎರಡು ರೊಟ್ಟಿ ಹಾಕಿದಳು. ಅವಳ ಕಣ್ಣೂ ಕೆಂಪಾಗಿತ್ತು, ತುಟಿಯಲ್ಲಿ ನಗೆಯಿತ್ತು.

“ಇಷ್ಟು ವರ್ಷ ಪ್ರವಚನ ಹೇಳಿದ್ರಿ, ಒಬ್ಬರ ಕಣ್ಣಾಗೂ ಒಂದು ಹನಿ ಬರಲಿಲ್ಲ. ಇವತ್ತು ನೋಡ್ರಿ, ಇಡೀ ಮಂದಿರ ಅಳಾಕ್ಹತ್ತೇತಿ. ಇನ್ನೊಂದು ಹಾಕ್ಲೇನು?”

ಗುರುಬಸಪ್ಪನವರು ಲಿಂಗಕ್ಕೆ ತೋರಿಸಿ, ತುಂಡು ಮುರಿದು ಬಾಯಿಗಿಟ್ಟುಕೊಂಡರು. ಕಣ್ಣಲ್ಲಿ ನೀರು ಚಿಮ್ಮಿತು.

“ಹಾಕು” ಎಂದರು.