ಎಮಿಲಿ ಬಾಯಿ ನಡೆಸಿದ ವರಪರೀಕ್ಷೆ

ನೈರೋಬಿಗೆ ಹೊಸದಾಗಿ ಬಂದ ನಮ್ಮ ಕಡೆಯವರನ್ನು ಎಲ್ಲರೂ ಕೇಳುವುದು ಒಂದೇ: ಯಾವ ಊರು, ಯಾರ ಮಗ? ನರ್ಸ್ ಎಮಿಲಿಯಾನಾ ಬಾಯಿ ಮಾತ್ರ ಚರ್ಚಿನ ಮೆಟ್ಟಿಲಲ್ಲೇ ನನ್ನನ್ನು ತಡೆದು, "ನಿನ್ನ ಬ್ಲಡ್ ಗ್ರೂಪ್ ಯಾವುದು ಪುತಾ?" ಅಂದರು. ಪುತಾ ಅಂದರೆ ನಮ್ಮ ಕೊಂಕಣಿಯಲ್ಲಿ ಮಗನೇ. "ಓ ನೆಗೆಟಿವ್" ಅಂದೆ. ಅವರ ಮುಖ ಅರಳಿದ ರೀತಿ ನೋಡಿದರೆ, ಅಷ್ಟು ಒಳ್ಳೆಯ ಮಾತು ನನ್ನ ಬಾಯಿಂದ ಹಿಂದೆಂದೂ ಬಂದಿರಲಾರದು. ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ಕೆಂಪಗಿದೆಯಾ ನೋಡಿದರು. "ಬರುವ ಭಾನುವಾರ ಊಟಕ್ಕೆ ಬಾ."

ಅದು 1989. ನಾನು ಎಂಬಕಸಿಯಲ್ಲಿ, ವಿಮಾನ ನಿಲ್ದಾಣದ ಪಕ್ಕದ ಸರಕು ಕಂಪನಿಯೊಂದರಲ್ಲಿ ಗುಮಾಸ್ತ. ಯುರೋಪಿಗೆ ಹಾರುವ ಗುಲಾಬಿಗಳ ಕಾಗದಕ್ಕೆ ಸೀಲು ಒತ್ತುವುದೇ ಉದ್ಯೋಗ. ಯಾರಿಗೂ ಒಂದು ಗುಲಾಬಿ ಕೊಟ್ಟವನಲ್ಲ. ಎಮಿಲಿ ಬಾಯಿಗೆ ಸಿಲ್ವಿಯಾ ಎಂಬ ಮಗಳಿದ್ದಾಳೆಂದು ತಿಳಿದ ಕೂಡಲೇ ಆ ಊಟದ ಅರ್ಥ ನನಗೆ ಹೊಳೆದುಬಿಟ್ಟಿತು. ಅಂಗಿಯನ್ನು ಎರಡು ಸಲ ಇಸ್ತ್ರಿ ಮಾಡಿದೆ.

ಲಂಗಾಟಾ ಬಡಾವಣೆಯ ಅವರ ಮನೆಯಲ್ಲಿ ಇನ್ನೊಬ್ಬರು ಕೂತಿದ್ದರು. ವಿಮಲಾ, ಮೈಸೂರಿನವರು, ಲೆಕ್ಚರರ್ ಅನಂತ್ ಅವರ ಹೆಂಡತಿ, ತುಂಬು ಬಸುರಿ. ಮೊದಲ ಹೆರಿಗೆಯಲ್ಲಿ ರಕ್ತ ನಿಲ್ಲದೆ ಸಾಯುವಂತಾಗಿತ್ತು, ಮಗು ಉಳಿಯಲಿಲ್ಲ, ಅವರದೂ ಓ ನೆಗೆಟಿವ್ ಎಂದು ಸಿಲ್ವಿಯಾ ಪಿಸುಗುಟ್ಟಿದಳು. ಇಷ್ಟು ಕೇಳಿಯೂ ನನ್ನ ತಲೆಗೆ ಏನೂ ಹೋಗಲಿಲ್ಲ. ವಿಮಲಾ ನನ್ನನ್ನೇ ನೋಡುತ್ತಿದ್ದರು. ಹೆಣ್ಣಿನ ಕಡೆಯವರು ಹುಡುಗನನ್ನು ಅಳೆಯುವುದು ಹೀಗೇ ಅಂದುಕೊಂಡು ಬೆನ್ನು ನೆಟ್ಟಗೆ ಮಾಡಿದೆ.

ಬಾಯಿ ಲಿವರ್ ಫ್ರೈ ಬಡಿಸುತ್ತಾ ಶುರುಮಾಡಿದರು.

"ಕಾಮಾಲೆ ಬಂದಿತ್ತಾ?"

"ಇಲ್ಲ ಬಾಯಿ."

"ಮಲೇರಿಯಾ?"

"ಇಲ್ಲ."

"ಕುಡಿತ?"

"ಕ್ರಿಸ್ಮಸ್ಸಿಗೆ ಮಾತ್ರ."

"ವರ್ಷಕ್ಕೆ ಎಷ್ಟು ಕ್ರಿಸ್ಮಸ್ ಬರುತ್ತೆ ನಿನಗೆ?"

ಸಿಲ್ವಿಯಾ ನಕ್ಕಳು. ನಾನು ಮನಸ್ಸಿನಲ್ಲೇ ಮದುವೆ ಸೂಟಿನ ಬಣ್ಣ ಆರಿಸುತ್ತಿದ್ದೆ. ಬಾಯಿ ಅದೇ ದನಿಯಲ್ಲಿ ಕೇಳಿದರು: "ಹೆಂಗಸರ ಸಹವಾಸ ಇದೆಯಾ? ನಾಚಿಕೆ ಬೇಡ, ನಿಜ ಹೇಳು."

ಲಿವರ್ ಗಂಟಲಲ್ಲಿ ಸಿಕ್ಕಿತು. "ದೇವರಾಣೆ ಇಲ್ಲ! ಸಿಲ್ವಿಯಾ ಒಪ್ಪಿದರೆ ಅವಳೇ ಮೊದಲು..."

"ಓ ಮೈ ಗಾಡ್, ಮಮ್ಮಿ!" ಎಂದು ಸಿಲ್ವಿಯಾ ಅಡುಗೆಮನೆಗೆ ಓಡಿದಳು. ಅವಳಿಗೆ ಆಗಲೇ ಪೀಟರ್ ಎಂಬವನ ಜೊತೆ ಮದುವೆ ನಿಶ್ಚಯವಾಗಿತ್ತು. ವಿಮಲಾ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಾಯಿ ಮಾತ್ರ ನಗಲಿಲ್ಲ.

"ನನಗೆ ಅಳಿಯ ಬೇಡ ಪುತಾ. ಇವಳ ಹೆರಿಗೆಗೆ ಒಂದು ಬಾಟಲಿ ರಕ್ತ ಬೇಕು."

ಏಡ್ಸ್ ಭಯದ ಕಾಲ. ಗೊತ್ತಿಲ್ಲದವರ ರಕ್ತ ಅಂದರೆ ಜನ ಬೆಚ್ಚುತ್ತಿದ್ದರು. ಓ ನೆಗೆಟಿವ್ ಅಂತೂ ಸಿಗುವುದೇ ಅಪರೂಪ.

ಅವಮಾನ ಇಳಿದ ಮೇಲೆ ಕುತೂಹಲ ಹುಟ್ಟಿತು. ಯಾರದೋ ಹೆರಿಗೆಗೆ ಈ ಹೆಂಗಸು ಹೀಗೆ ಗಂಡಸರನ್ನು ಹುಡುಕಿಕೊಂಡು ಯಾಕೆ ಅಲೆಯಬೇಕು? ಸ್ವಲ್ಪ ಸ್ವಲ್ಪವೇ ಕೇಳಿ ತಿಳಿದೆ. ಕಿನ್ನಿಗೋಳಿಯಲ್ಲಿ ಹುಟ್ಟಿ, ಮಂಗಳೂರಿನಲ್ಲಿ ನರ್ಸಿಂಗ್ ಕಲಿತು, ರೈಲ್ವೆಯಲ್ಲಿದ್ದ ಪಾಯಸ್ ಅವರನ್ನು ಮದುವೆಯಾಗಿ ಇಲ್ಲಿಗೆ ಬಂದವರು. ಸಿಲ್ವಿಯಾ ಹುಟ್ಟುವಾಗ ಬಾಯಿಗೂ ರಕ್ತ ನಿಲ್ಲಲಿಲ್ಲ. ಅವರದೂ ಇದೇ ಗುಂಪು. ತನ್ನ ತಮ್ಮನನ್ನು ನೋಡಲು ಆಸ್ಪತ್ರೆಗೆ ಬಂದಿದ್ದ ಯಾರೋ ಬಸ್ ಕಂಡಕ್ಟರ್ ರಕ್ತ ಕೊಟ್ಟು ಡ್ಯೂಟಿಗೆ ಹೋದನಂತೆ. ಇವರಿಗೆ ಎಚ್ಚರವಾಗುವಾಗ ಅವನ ಹೆಸರು ಹೇಳುವವರೂ ಇರಲಿಲ್ಲ. "ಈಗಲೂ ಬಸ್ ಹತ್ತಿದರೆ ಟಿಕೆಟಿಗಿಂತ ಮೊದಲು ಮುಖ ನೋಡ್ತೇನೆ" ಅಂದರು.

ಪಾಯಸ್ ಬೇಗ ತೀರಿಕೊಂಡರು. ಬಾಯಿ ನೈಟ್ ಡ್ಯೂಟಿಯಲ್ಲೇ ಮಗಳನ್ನು ಓದಿಸಿದರು. ಭಾನುವಾರ ಮಧ್ಯಾಹ್ನ ಎಂಬಕಸಿಯ ಬಡಾವಣೆಗೆ ಹೋಗಿ, ಮರದ ಕೊಂಬೆಗೆ ತಕ್ಕಡಿ ನೇತುಹಾಕಿ ಕೂಸುಗಳನ್ನು ತೂಗುತ್ತಿದ್ದರು. ವರ್ಷವರ್ಷವೂ ರಕ್ತ ಕೊಡುತ್ತಿದ್ದರು. ಕೊನೆಗೆ ಅವರಿಗೇ ರಕ್ತಹೀನತೆಯಾಗಿ, ಇನ್ನು ಕೊಡಬಾರದು ಎಂದು ಡಾಕ್ಟರು ಗದರಿದ್ದರು. ತಮ್ಮ ಬದಲು ಕೊಡುವವನ ರಕ್ತ ಗಟ್ಟಿಯಾಗಲಿ ಎಂದೇ ನನಗೆ ಲಿವರ್ ಬಡಿಸಿದ್ದು.

ಹೆರಿಗೆಯ ಹಿಂದಿನ ದಿನ ನಾನು ರಕ್ತ ಕೊಟ್ಟೆ. ಸೂಜಿ ನೋಡಿ ಕಣ್ಣು ಕತ್ತಲೆ ಬಂದ ವಿಷಯ ಇಲ್ಲಿ ಬೇಡ. ಬಾಟಲಿ ವಿಮಲಾ ಹೆಸರಿನಲ್ಲಿ ಇಡಲಾಯಿತು. ಮರುದಿನ ಬೆಳಿಗ್ಗೆ ವಿಮಲಾ ಹೆರಿಗೆ ಕೋಣೆಯೊಳಗೆ, ಅನಂತ್ ಮತ್ತು ನಾನು ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದಾಗ ಬಾಯಿ ಬೇಗಬೇಗ ಬಂದರು.

"ಅನಂತ್, ಎದುರಿನ ಕೋಣೆಯಲ್ಲಿ ಒಬ್ಬಳು ಹೆತ್ತಿದ್ದಾಳೆ. ಸಂತೆಯಲ್ಲಿ ಸೊಪ್ಪು ಮಾರುವವಳು. ರಕ್ತ ನಿಲ್ತಾ ಇಲ್ಲ. ಇಲ್ಲಿ ಅವಳಿಗೆ ಆಗುವುದು ನಮ್ಮ ಬಾಟಲಿ ಒಂದೇ."

ಅನಂತ್ ಎದ್ದು ನಿಂತರು. "ಬೇಡ ಬಾಯಿ. ಅದು ವಿಮಲಾದು."

"ವಿಮಲಾಗೆ ಈಗ ಏನೂ ಆಗಿಲ್ಲ."

"ಇನ್ನರ್ಧ ಗಂಟೆಗೆ ಆದರೆ? ಹೋದ ಸಲ ನಾನು ಇದೇ ಬೆಂಚಿನ ಮೇಲೆ ಕೂತಿದ್ದೆ."

ಅವರು ಎದ್ದ ಜಾಗದಲ್ಲೇ ಬಾಯಿ ಕೂತು, ಸ್ವೆಟರಿನ ತೋಳಿನ ಗುಂಡಿ ಬಿಚ್ಚಿ ಮೊಣಕೈ ಮೇಲಕ್ಕೆ ಮಡಚಿದರು. "ಆದರೆ ನಾನಿದ್ದೇನೆ."

"ಡಾಕ್ಟರು ನಿಮಗೆ ಬೇಡ ಅಂದಿದ್ದಾರಲ್ಲ" ಅಂದೆ. "ನನ್ನದೇ ಇನ್ನೊಂದು ಬಾಟಲಿ ತಗೊಳ್ಳಿ."

"ನೀನು ನಿನ್ನೆ ತಾನೇ ಕೊಟ್ಟವನು. ಸುಮ್ಮನಿರು ಪುತಾ. ನಾನು ಕೇಳಿದ್ದು ಅನಂತನನ್ನು."

ಅನಂತ್ ಆ ತೆಳ್ಳನೆಯ ಕೈಯನ್ನು ನೋಡುತ್ತಾ ನಿಂತರು. ಆಮೇಲೆ ತಲೆಯಾಡಿಸಿದರು. ಬಾಟಲಿ ಎದುರಿನ ಕೋಣೆಗೆ ಹೋಯಿತು.

ಬಾಯಿ ತೋಳು ಇಳಿಸದೆ ಕೂತೇ ಇದ್ದರು. ಚಳಿಗೆ ಕೈಮೇಲೆ ರೋಮ ಎದ್ದಿತ್ತು. ಒಳಗಿಂದ ಕೂಸಿನ ಅಳು ಕೇಳಿದಾಗಲೂ ಅನಂತ್ ಅಲುಗಲಿಲ್ಲ. ಅವರು ಕಾಯುತ್ತಿದ್ದುದು ಮುಂದಿನ ಮಾತಿಗೆ. ಕೊನೆಗೆ ನರ್ಸ್ ತಲೆ ಹೊರಹಾಕಿ, "ಹೆಣ್ಣು. ತಾಯಿಗೆ ರಕ್ತ ನಿಂತಿದೆ, ಹೆದರಬೇಡಿ" ಅಂದಳು.

ಬಾಯಿ ಎದ್ದು ಮೊದಲು ಎದುರಿನ ಕೋಣೆಗೆ ಇಣುಕಿ ಬಂದರು. "ಅವಳೂ ಉಳಿದಳು." ತೋಳು ಇಳಿಸಿ ಗುಂಡಿ ಹಾಕಲು ಹೋದರು, ಬೆರಳು ಕೇಳಲಿಲ್ಲ. ಅನಂತ್ ಬಗ್ಗಿ ಆ ಗುಂಡಿ ಹಾಕಿ ಒಳಗೆ ಹೋದರು.