ಕೊನೆಯ ಸ್ಟೇಜು ದಾಟಿದವಳು

ಆ ಆಟ ಗೆದ್ದವಳು ನೀನು, ಶೋಭಾ. ಸುಳ್ಳು ಹೇಳಿದವನು ನಾನು. ಇಷ್ಟು ಹೇಳುವುದಕ್ಕೆ ಇಷ್ಟು ವರ್ಷ ಬೇಕಾಯಿತೇ ಎಂದು ನೀನು ಕೇಳಬಹುದು — ಕೇಳು.

ನಿನಗೆಲ್ಲ ನೆನಪಿದೆ, ಬಲ್ಲೆ. ಆದರೂ ಒಮ್ಮೆ ನನ್ನ ಬಾಯಿಂದಲೇ ಬರಲಿ. ಬೇಸಿಗೆ ರಜೆ ಬಂತೆಂದರೆ ಸಾಕು, ನಾನು ಬಸವಕಲ್ಯಾಣದಿಂದ ಹುಮನಾಬಾದಿಗೆ, ನಿಮ್ಮ ಮನೆಗೆ ಓಡಿ ಬರುತ್ತಿದ್ದೆ. ಅತ್ತೆಯ ಮೇಲೆ ಪ್ರೀತಿ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ನನ್ನನ್ನು ಎಳೆಯುತ್ತಿದ್ದದ್ದು ಬಸ್ ಸ್ಟ್ಯಾಂಡಿನ ಹಿಂದಿದ್ದ ಚಾಚಾನ ಟಿವಿ ಗೇಮಿನ ಅಂಗಡಿ. ಕ್ಯಾಸೆಟ್ಟು ಓಡದಿದ್ದರೆ ಚಾಚಾ ಅದನ್ನು ಹೊರಗೆಳೆದು, ಉಫ್ ಎಂದು ಊದಿ ಮತ್ತೆ ತುರುಕುತ್ತಿದ್ದ. ಗೋಡೆಯ ಹಗ್ಗಕ್ಕೆ ಒಂದು ಕರಿ ಟೀ ಶರ್ಟು ನೇತುಹಾಕಿದ್ದ. ಎದೆಯ ಮೇಲೆ ಸಣ್ಣ ಸಣ್ಣ ಚೌಕಗಳಿಂದ ಮಾಡಿದ ಬಿಳಿ ವಿಮಾನ — ನಾವು ಆಡುತ್ತಿದ್ದ ಆಟದ್ದೇ. ಕೊನೆಯ ಸ್ಟೇಜು ದಾಟಿದವರಿಗೆ ಅದು ಇನಾಮು.

ಆ ಅಂಗಡಿಯ ರಿವಾಜು ನಿನಗೆ ಗೊತ್ತಲ್ಲ, ಒಂದು ತಾಸನ್ನು ಇಬ್ಬರು ಹಂಚಿಕೊಂಡು ಆಡುವುದು. ಒಬ್ಬರ ಜೀವ ಮುಗಿದರೆ ರಿಮೋಟು ಇನ್ನೊಬ್ಬರ ಕೈಗೆ. ಅಂದು ನನ್ನ ಜೀವಗಳೆಲ್ಲ ಬೇಗ ಮುಗಿದವು. ನೀನು ತುಟಿ ಕಚ್ಚಿಕೊಂಡು ಆಡಿದೆ. ಕೊನೆಯ ದೊಡ್ಡ ಹಡಗು ಒಡೆದು ಪರದೆಯ ತುಂಬ ಪಟಾಕಿ ಹಾರಿದಾಗ ನೀನು ಖುಷಿಗೆ ರಿಮೋಟನ್ನು ನನ್ನ ತೊಡೆಯ ಮೇಲೆಸೆದು ಎದ್ದು ಕುಣಿದೆ. ಚಹಾ ಕುಡಿಯಲು ಹೋಗಿದ್ದ ಚಾಚಾ ಅದೇ ಆಗ ಬಾಗಿಲಿಗೆ ಬಂದಿದ್ದ. ಪಟಾಕಿ ನೋಡಿದ. ಮರುಕ್ಷಣ ಕರೆಂಟು ಹೋಯಿತು.

"ಯಾರ್ ಆಡಿದ್ರಪಾ?"

ರಿಮೋಟು ನನ್ನ ಕೈಯಲ್ಲಿತ್ತು. "ನಾನೇ ರೀ ಚಾಚಾ," ಎಂದೆ.

ಯೋಚಿಸದೆ ಬಾಯಿಗೆ ಬಂದ ಮಾತು ಎಂದು ಬರೆಯಹೊರಟಿದ್ದೆ — ಬೇಡ. ಬೇಕೆಂದೇ ಹೇಳಿದೆ. ಆ ಟೀ ಶರ್ಟಿನ ಮೇಲೆ ನನಗೆ ಅಷ್ಟು ಆಸೆ. "ಸುಳ್ಳ ಹೇಳ್ತಾನ! ನಾ ಆಡೀನಿ!" ಎಂದು ನೀನು ಚೀರಿದೆ. ಬೇರೆ ಟಿವಿಗಳ ಮುಂದೆ ಕುಳಿತಿದ್ದ ಹುಡುಗರು ಹೋ ಎಂದು ನಕ್ಕರು. ಹುಡುಗಿ ಕೊನೆಯ ಸ್ಟೇಜು ದಾಟುವುದೆಂದರೇನು! ಕರೆಂಟು ಮರಳಿ ಬಂದರೂ ಆ ಯಂತ್ರಕ್ಕೆ ಏನೂ ನೆನಪಿರಲಿಲ್ಲ. ಚಾಚಾ ನನ್ನ ಬೆನ್ನು ತಟ್ಟಿ ಟೀ ಶರ್ಟು ಕೊಟ್ಟ.

ಮನೆಗೆ ಬಂದು ನೀನು ಅತ್ತು ರಂಪ ಮಾಡಿದಾಗ ನಾನು ಅದೇ ಟೀ ಶರ್ಟು ತೊಟ್ಟು "ಸುಳ್ಳಬುರುಕಿ, ಸುಳ್ಳಬುರುಕಿ" ಎಂದು ಕುಣಿದೆ. ಅತ್ತೆಯ ಮಗಳನ್ನು ಕಾಡಿಸುವುದು ಮಾವನ ಮಗನ ಹಕ್ಕು ತಾನೇ? ದೊಡ್ಡವರೂ ನಕ್ಕರು. ಆ ಹೆಸರು ನಿನಗೆ ಅಂಟಿಯೇಬಿಟ್ಟಿತು. ಮದುವೆ, ಜವಳ, ಎಲ್ಲಿ ಕೂಡಿದರೂ "ಸಂಗು, ಆ ಕಥಿ ಹೇಳೋ" ಎನ್ನುವರು. ನಾನು ಮಾತಿನಮಲ್ಲ, ಕೈ ಕುಣಿಸಿ ಹೇಳುವೆ. ಥೂ ನನ್ನ ಬಾಯಿಗೆ.

ಇಷ್ಟಕ್ಕೇ ನಿಂತಿದ್ದರೆ... ನಿಲ್ಲಲಿಲ್ಲ. ನಿನಗೆ ಗಂಡು ಗೊತ್ತಾದ ದಿನ ನಾನೂ ಆ ಪಡಸಾಲೆಯಲ್ಲಿದ್ದೆ. "ಅಂವ ಕುಡೀತಾನ. ಬಸ್ ಸ್ಟ್ಯಾಂಡಿನ್ಯಾಗ ತೂರಾಡಾಕತ್ತಿದ್ದ, ನಾ ಕಣ್ಣಾರೆ ನೋಡೀನಿ," ಎಂದೆ ನೀನು. "ಸುರು ಆತು ನೋಡ್ರಿ ಸುಳ್ಳಬುರುಕಿ ಕಥಿ," ಎಂದು ಮಾವ, ನಿನ್ನಪ್ಪ, ನಕ್ಕರು. ಎಲ್ಲರೂ ನಕ್ಕರು. ನೀನು ನನ್ನ ಕಡೆ ನೋಡಿದೆ. ನೀನು ಸುಳ್ಳು ಹೇಳುವವಳಲ್ಲ ಎಂದು ಆ ಮನೆಯಲ್ಲಿ ಖಚಿತವಾಗಿ ಗೊತ್ತಿದ್ದವನು ನಾನೊಬ್ಬನೇ — ನಾನು ಚಹಾದ ಬಸಿ ತುಟಿಗೆ ಹಚ್ಚಿಕೊಂಡೆ.

ಆಮೇಲೆ ಅವನು ಕುಡಿದು ಬಂದು ನಿನ್ನನ್ನು ಹೊಡೆಯುವುದು ಊರಿಗೇ ತಿಳಿದಾಗಲೂ ನಮ್ಮವರು ಅಂದದ್ದು ಒಂದೇ: ಮದುವೆಯಾದ ಮೇಲೆ ಹತ್ತಿದ ಚಟ, ಶೋಭಾಗೆ ಗಂಡನನ್ನು ಸಂಭಾಳಿಸಲು ಬರಲಿಲ್ಲ. ನೀನು ತವರಿಗೆ ಮರಳಿ, ಹೊಲಿಗೆ ಮಷೀನಿನ ಮುಂದೆ ಕುಳಿತು ಬಾಳು ಹೂಡಿದ ಮೇಲೂ ಅದೇ ಮಾತು. ನೀನು ವಾದ ಮಾಡುವುದನ್ನೇ ಬಿಟ್ಟೆ.

ಮೊನ್ನೆ ಮಗಳು ನನ್ನ ಹುಟ್ಟುಹಬ್ಬಕ್ಕೆಂದು ಆನ್‌ಲೈನಿನಲ್ಲಿ ಒಂದು ಟೀ ಶರ್ಟು ತರಿಸಿದಳು. ಅದೇ ಕರಿ ಬಣ್ಣ, ಅದೇ ಚೌಕದ ವಿಮಾನ. ಈಗ ಅದಕ್ಕೆಲ್ಲ ಮತ್ತೆ ಫ್ಯಾಷನ್ ಬಂದಿದೆಯಂತೆ. "ಅಪ್ಪಾ, ಇದನ್ನ ಹಾಕ್ಕೊಂಡು ನೀವು ಗೆದ್ದ ಕಥಿ ಹೇಳ್ರಿ, ಫೋನಿನ್ಯಾಗ ರೆಕಾರ್ಡ್ ಮಾಡ್ಕೋತೀನಿ," ಎಂದಳು. ಹಾಕಿಕೊಂಡೆ. ಬಾಯಿ ತೆರೆದೆ. ಟೀ ಶರ್ಟು ಕಳಚಿ ಅವಳ ಕೈಗಿಟ್ಟೆ, ಶೋಭಾ.

ಮರುದಿನ ಹುಮನಾಬಾದಿನ ಬಸ್ಸು ಹತ್ತಿದೆ. ಹೊಲಿದ ಬಟ್ಟೆ ಕೊಡಲೆಂದು ನೀನು ಹೊರಗೆ ಹೋಗಿದ್ದೆ. ಅತ್ತೆ ಒಬ್ಬಳೇ ಇದ್ದಳು. ಎಲ್ಲ ಹೇಳಿದೆ. ಅವಳು ಆಟದ ಬಗ್ಗೆ ಒಂದು ಮಾತೂ ಕೇಳಲಿಲ್ಲ.

"ಹಂಗಾರ ಸಂಗು," ಎಂದಳು, "ಬಸ್ ಸ್ಟ್ಯಾಂಡಿನ್ಯಾಗ ಅಕಿ ನೋಡಿದ್ದೂ ಖರೇನ ಇತ್ತೇನೋ?"

"ಹೌದತ್ತಿ. ಅಕಿ ಎಂದೂ ಸುಳ್ಳ ಹೇಳಿಲ್ಲ."

"ನಾನ ದಬ್ಬಿದೆನಲ್ಲೋ ಅಕಿನ್ನ ಆ ಮನಿಗಿ..." ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಈಗ ಯಾವ ಮಾರಿ ಇಟ್ಕೊಂಡು ಅಕಿ ಮುಂದ ಕುಂಡ್ರಲಿ?"

ನೀನು ಬರುವ ಮೊದಲೇ ನಾನು ಎದ್ದು ಬಂದುಬಿಟ್ಟೆ. ನನ್ನ ತಪ್ಪನ್ನು ಆ ಮುದುಕಿಯ ಮಡಿಲಿಗೆ ಹಾಕಿ ಓಡಿ ಬಂದೆ — ಹೇಡಿ, ಇನ್ನೂ ಅದೇ ಹೇಡಿ. ಅವಳ ಮೇಲೆ ಸಿಟ್ಟಾಗಬೇಡ. ಅವಳು ನಂಬಿದ್ದು ನನ್ನನ್ನು.

ಈ ಭಾನುವಾರ ಬರುತ್ತೇನೆ. ಆ ಕಥೆ ಕೇಳಿ ನಕ್ಕ ನಮ್ಮವರನ್ನೆಲ್ಲ ಕರೆದುಕೊಂಡೇ ಬರುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ, ಕೇಳುವ ಯೋಗ್ಯತೆಯಿಲ್ಲ. ನೀನು ಬಾಗಿಲು ತೆರೆಯದಿದ್ದರೆ ಹೊರಗೆ ನಿಂತೇ ಹೇಳುತ್ತೇನೆ. ಓಣಿಯವರೂ ಕೇಳಿಸಿಕೊಳ್ಳಲಿ.